ಹೆದರಿದ ಮರಿಗೆ ಅರ್ಧ ಕಂಬದ ದೂರ

ಮಾನ್ಯ ಸಂಪಾದಕರೇ,

ನಾಯಿಗಳ ವಿಷಯವಾಗಿ ಪತ್ರಿಕೆಗಳಲ್ಲಿ ಬರುವುದು ಬಹುಪಾಲು ಕಡಿತದ ಸುದ್ದಿ, ಬೀದಿನಾಯಿಗಳ ಹಾವಳಿಯ ದೂರು, ಇಲ್ಲವೇ ನ್ಯಾಯಾಲಯದ ಆದೇಶಗಳ ವಿವರ. ಅವು ಅಗತ್ಯವೇ ಸರಿ. ಆದರೆ ಮನೆಯಲ್ಲಿ ಮರಿಯೊಂದನ್ನು ಸಾಕಿಕೊಂಡು ಬೆಳಿಗ್ಗೆ ಸಂಜೆ ವಾಕಿಂಗಿಗೆ ಕರೆದೊಯ್ಯುವವರಲ್ಲಿ ಅನೇಕರು ಯಾರಿಗೂ ಹೇಳಿಕೊಳ್ಳದೆ ಅನುಭವಿಸುವ ಕಷ್ಟವೊಂದಿದೆ: ತಮ್ಮ ಮರಿಗೆ ಬೇರೆ ನಾಯಿಗಳನ್ನು ಕಂಡರೆ ಭಯ. ಆ ಭಯವನ್ನು ಇಳಿಸುವುದು ಹೇಗೆ ಎಂಬುದನ್ನು ನಾನು ಒಂದು ವರ್ಷ ಕಾಲ ತಪ್ಪು ಮಾಡಿ, ತಿದ್ದಿಕೊಂಡು ಕಲಿತಿದ್ದೇನೆ. ಬೀದಿಯಲ್ಲಿ ನಾಯಿ ಹಿಡಿದು ನಡೆಯುವ ಉಳಿದವರ ಸಹಕಾರವಿಲ್ಲದೆ ಈ ಕೆಲಸ ಪೂರ್ತಿಯಾಗುವುದಿಲ್ಲ ಎಂಬುದೂ ಮನವರಿಕೆಯಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ದಯವಿಟ್ಟು ಸ್ಥಳಾವಕಾಶ ಮಾಡಿಕೊಡಬೇಕು.

ಕಳೆದ ವರ್ಷದ ಮುಂಗಾರಿನಲ್ಲಿ ನಮ್ಮ ಮನೆಯ ಎದುರಿನ ಚರಂಡಿಯ ಚಪ್ಪಡಿಯ ಕೆಳಗೆ ನೆನೆದು ಮುದ್ದೆಯಾಗಿ ಕುಳಿತಿದ್ದ ಕೆಂದು ಬಣ್ಣದ ಹೆಣ್ಣುಮರಿಯನ್ನು ನನ್ನ ಮೊಮ್ಮಗ ಎತ್ತಿಕೊಂಡು ಬಂದ. ಪಶುವೈದ್ಯರು ಹಲ್ಲು ನೋಡಿ, ಮೂರು ತಿಂಗಳು ದಾಟಿರಬೇಕು ಎಂದರು. ಕೆಂಚಿ ಎಂದು ಹೆಸರಿಟ್ಟೆವು. ಮನೆಯೊಳಗೆ ವಾರದೊಳಗೆ ಒಗ್ಗಿಕೊಂಡಳು. ಕುಕ್ಕರ್ ಕೂಗಿದರೂ ಬೆಚ್ಚುತ್ತಿರಲಿಲ್ಲ. ಹೊರಗೆ ಹೋದಾಗ ಮಾತ್ರ ದೂರದಲ್ಲಿ ನಾಯಿಯೊಂದು ಕಂಡರೆ ನಡಿಗೆ ನಿಧಾನವಾಗುತ್ತಿತ್ತು, ಕಿವಿ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ಇಷ್ಟು ಮರಿಗಳಿಗೆಲ್ಲ ಸಹಜ ಎಂದುಕೊಂಡು ನಾನು ಅದಕ್ಕೆ ಮಹತ್ವ ಕೊಡಲಿಲ್ಲ.

ಒಂದು ಸಂಜೆ ಪಾರ್ಕಿನ ತಿರುವಿನಲ್ಲಿ, ಬೆಲ್ಟು ಬಿಚ್ಚಿ ಬಿಟ್ಟಿದ್ದ ದೊಡ್ಡ ಸಾಕುನಾಯಿಯೊಂದು ನಮ್ಮತ್ತ ನೇರವಾಗಿ ಓಡಿಬಂತು. ಅದರ ಯಜಮಾನರು ಐವತ್ತು ಅಡಿ ಹಿಂದಿನಿಂದ, “ಏನೂ ಮಾಡಲ್ಲ ಮೇಡಂ, ಆಟಕ್ಕೆ ಬರ್ತಾನೆ ಅಷ್ಟೆ” ಎಂದು ಕೂಗಿದರು. ಅವರ ಮಾತು ಸುಳ್ಳಾಗಿರಲಿಲ್ಲ; ಆ ನಾಯಿ ಕಚ್ಚಲಿಲ್ಲ. ಆದರೆ ಕೆಂಚಿಯನ್ನು ಕೆಡವಿ, ಎರಡೂ ಮುಂಗಾಲುಗಳನ್ನು ಅವಳ ಎದೆಯ ಮೇಲೆ ಊರಿ ಮೂಸತೊಡಗಿತು. ಹಗ್ಗಕ್ಕೆ ಕಟ್ಟಿಸಿಕೊಂಡ ಹತ್ತು ಕಿಲೋ ತೂಗದ ಮರಿಗೆ ಓಡಲು ದಾರಿಯಿರಲಿಲ್ಲ. ಅವಳು ಅಲ್ಲಿಯೇ ಮೂತ್ರ ಮಾಡಿಕೊಂಡಳು. ಮಾರನೆಯ ದಿನದಿಂದ ಗೇಟಿನ ಚಿಲಕದ ಸದ್ದು ಕೇಳಿದರೆ ಮಂಚದ ಕೆಳಗೆ ಸೇರುವುದು, ಬಲವಂತವಾಗಿ ಹೊರಗೆ ಕರೆತಂದರೆ ನೂರಡಿ ದೂರದ ನಾಯಿಗೂ ಗಂಟಲು ಹರಿಯುವಂತೆ ಬೊಗಳುವುದು ಶುರುವಾಯಿತು.

ಆಗ ಎಲ್ಲರೂ ಸಲಹೆ ಕೊಟ್ಟರು. “ನಾಲ್ಕು ನಾಯಿಗಳ ಮಧ್ಯೆ ಬಿಟ್ಟುಬಿಡಿ, ತಾನಾಗೇ ಅಭ್ಯಾಸ ಆಗುತ್ತೆ” ಎಂಬುದು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಮಾತು. “ಎತ್ತಿ ಮುದ್ದು ಮಾಡಿದರೆ ಭಯ ಇನ್ನೂ ಜಾಸ್ತಿ ಆಗುತ್ತೆ, ಗದರಿಸಿ” ಎಂಬುದು ಎರಡನೆಯದು. ನಾನು ಎರಡನ್ನೂ ಪಾಲಿಸಿದೆ. ಬೊಗಳಿದಾಗ ಹಗ್ಗ ಜಗ್ಗಿ ಗದರಿದೆ. ಪರಿಚಿತರ ಮನೆಯ ಅಂಗಳದಲ್ಲಿ ಎರಡು ನಾಯಿಗಳ ನಡುವೆ ಬಿಟ್ಟು ನೋಡಿದೆ. ಅಲ್ಲಿ ಅವಳು ಗೋಡೆಯ ಮೂಲೆಗೆ ಒತ್ತಿಕೊಂಡು ಅಲುಗಾಡದೆ ನಿಂತಿದ್ದನ್ನು ನಾವೆಲ್ಲ “ನೋಡಿ, ಸುಮ್ಮನಾದಳು” ಎಂದು ಅರ್ಥಮಾಡಿಕೊಂಡೆವು. ಅದು ಸಮಾಧಾನದ ಮೌನವಾಗಿರದೆ, ಬೇರೆ ದಾರಿಯಿಲ್ಲದ ಜೀವ ಮರಗಟ್ಟಿ ನಿಂತ ಸ್ಥಿತಿಯಾಗಿತ್ತು ಎಂಬುದು ತಿಳಿದದ್ದು ಬಹಳ ತಡವಾಗಿ. ಅದನ್ನು ನೆನೆದರೆ ಈಗಲೂ ನನಗೆ ನೋವಾಗುತ್ತದೆ.

ಲಸಿಕೆಗೆಂದು ಹೋದಾಗ ಪಶುವೈದ್ಯೆಯೊಬ್ಬರು ತಾಳ್ಮೆಯಿಂದ ಕೂರಿಸಿಕೊಂಡು ವಿವರಿಸಿದರು. ಮೊದಲು ಕಾಲು, ಕಿವಿ, ಬೆನ್ನು ಎಲ್ಲ ಮುಟ್ಟಿ, ಎಲ್ಲೂ ನೋವಿಲ್ಲವೆಂದು ಖಚಿತಪಡಿಸಿಕೊಂಡರು. ನೋವಿರುವ ನಾಯಿಯೂ ಬೇರೆ ನಾಯಿಗಳನ್ನು ಹತ್ತಿರ ಸೇರಿಸುವುದಿಲ್ಲವಂತೆ. ಆಮೇಲೆ ಅವರು ಹೇಳಿದ ಮಾತು ಇದು: “ಮೇಡಂ, ನೀವು ಟೀಚರ್ ಆಗಿದ್ದವರು. ಹೆದರಿ ನಡುಗ್ತಾ ಇರೋ ಮಗುವಿಗೆ ಬೋರ್ಡಿನ ಮೇಲೆ ಬರೆದದ್ದು ತಲೆಗೆ ಹೋಗುತ್ತಾ? ಮೊದಲು ಅವಳಿಗೆ ದೂರ ಕೊಡಿ. ಪಾಠ ಆಮೇಲೆ.” ಮೂವತ್ತೊಂದು ವರ್ಷ ಗಣಿತ ಪಾಠ ಮಾಡಿದ ನನಗೆ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು.

ಪ್ರತಿ ಮರಿಗೂ ಒಂದು ಗೆರೆ ಇರುತ್ತದೆ. ಆ ಗೆರೆಯ ಆಚೆ ಇನ್ನೊಂದು ನಾಯಿ ಇದ್ದರೆ ಮರಿ ಅದನ್ನು ನೋಡುತ್ತದೆ, ಆದರೂ ಕರೆದರೆ ನಮ್ಮತ್ತ ತಿರುಗುತ್ತದೆ, ತಿಂಡಿ ಕೊಟ್ಟರೆ ತಿನ್ನುತ್ತದೆ. ಗೆರೆ ದಾಟಿ ಈಚೆ ಬಂದರೆ ಕಿವಿ ಕೇಳಿಸದು, ಬಾಯಿಗೆ ತುತ್ತು ಸೇರದು. ಬೊಗಳುವುದು, ಎಗರುವುದು, ಇಲ್ಲವೇ ಮರಗಟ್ಟುವುದಷ್ಟೇ ಉಳಿಯುತ್ತದೆ. ನಮ್ಮ ಬೀದಿಯಲ್ಲಿ ಲೈಟ್ ಕಂಬಗಳ ನಡುವೆ ಸುಮಾರು ನೂರಡಿ ಅಂತರವಿದೆ. ಕೆಂಚಿಯ ಗೆರೆ ಆಗ ಸರಿಯಾಗಿ ಒಂದು ಕಂಬದಷ್ಟಿತ್ತು. ಅಲ್ಲಿಂದ ನಮ್ಮ ಮನೆಯಲ್ಲಿ ಲೆಕ್ಕವೆಲ್ಲ ಕಂಬದಲ್ಲೇ ನಡೆಯತೊಡಗಿತು. “ಇವತ್ತು ಎಷ್ಟು ಕಂಬ?” ಎಂದು ಮೊಮ್ಮಗ ಕೇಳುತ್ತಿದ್ದ.

ವಿಧಾನ ಹೊಸದೇನಲ್ಲ. ರಷ್ಯಾದ ಇವಾನ್ ಪಾವ್ಲೋವ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪಠ್ಯಪುಸ್ತಕದಲ್ಲಿ ಓದಿದವರು ಬಹಳ ಮಂದಿ ಇದ್ದಾರೆ: ಒಂದು ಸದ್ದಾದ ಮೇಲೆ ಪ್ರತಿಸಲವೂ ಊಟ ಸಿಕ್ಕರೆ, ಕೊನೆಗೆ ಆ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆ. ಭಯಕ್ಕೆ ಇನ್ನೂ ಹತ್ತಿರವಾದ ಉದಾಹರಣೆ 1924ರದು. ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಮೊಲವನ್ನು ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಚಿಕ್ಕ ಹುಡುಗನಿಗೆ ಅವನಿಷ್ಟದ ತಿಂಡಿ ಕೊಟ್ಟು, ಪಂಜರದಲ್ಲಿದ್ದ ಮೊಲವನ್ನು ದೂರದಿಂದ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಆ ಹುಡುಗ ಮೊಲವನ್ನು ಕೈಯಾರೆ ಮುಟ್ಟಿದ. ನಾಯಿಮರಿಯ ವಿಷಯದಲ್ಲಿಯೂ ಇದೇ ನಡೆಯಬೇಕು. ಗೆರೆಯ ಆಚೆ ಇನ್ನೊಂದು ನಾಯಿ ಕಂಡ ಕೂಡಲೇ ಒಂದಾದ ಮೇಲೊಂದು ತುಣುಕು ತಿಂಡಿ ಬಾಯಿಗೆ ಬರಬೇಕು. ಆ ನಾಯಿ ಮರೆಯಾದ ಕೂಡಲೇ ತಿಂಡಿ ನಿಲ್ಲಬೇಕು. ಈ ಅನುಕ್ರಮ ತಪ್ಪಬಾರದು. ನಾನು ಮೊದಮೊದಲು ದೂರದಲ್ಲಿ ನಾಯಿ ಬರುವುದನ್ನು ಅವಳಿಗಿಂತ ಮುಂಚೆ ನೋಡಿ, ಗಾಬರಿಯಿಂದ ಜೇಬಿಗೆ ಕೈಹಾಕಿ ತಿಂಡಿ ತೆಗೆಯುತ್ತಿದ್ದೆ. ಪರಿಣಾಮವಾಗಿ ನನ್ನ ಕೈ ಜೇಬಿಗೆ ಹೋದರೆ ಸಾಕು, ಎಲ್ಲೋ ನಾಯಿ ಬರುತ್ತಿದೆಯೆಂದು ಅವಳು ಸುತ್ತ ಹುಡುಕಿ ನಡುಗತೊಡಗಿದಳು. ಮೊದಲು ಅವಳು ನೋಡಬೇಕು, ಆಮೇಲೆ ತಿಂಡಿ. ಇಷ್ಟು ತಿದ್ದಿಕೊಂಡ ಮೇಲೆಯೇ ಬದಲಾವಣೆ ಕಂಡದ್ದು.

ತಿಂಡಿಯೂ ದಿನನಿತ್ಯದ ಬಿಸ್ಕತ್ತಾದರೆ ಸಾಲದು, ಮರಿಗೆ ಬೇರೆ ಯಾವಾಗಲೂ ಸಿಗದ ರುಚಿಯಾಗಿರಬೇಕು. ಉಪ್ಪು ಮಸಾಲೆಯಿಲ್ಲದೆ ಬೇಯಿಸಿದ ಕೋಳಿ ಮಾಂಸದ ಕಡಲೆಕಾಳಿನಷ್ಟು ಚೂರುಗಳು ಒಳ್ಳೆಯವು. ಮಾಂಸ ತರದ ಮನೆಗಳಲ್ಲಿ ಪನೀರ್ ಸಾಕು. ನಮ್ಮ ಮನೆಯಲ್ಲಿ ಅದೇ ಬಳಕೆಯಾದದ್ದು. ಒಣದ್ರಾಕ್ಷಿಯನ್ನು ಮಾತ್ರ ಯಾರೂ ಕೊಡಬಾರದು. ದೇವಸ್ಥಾನದ ಪ್ರಸಾದದ ದ್ರಾಕ್ಷಿಯನ್ನು ಪ್ರೀತಿಯಿಂದ ನಾಯಿಗೆ ಹಾಕುವವರನ್ನು ಕಂಡಿದ್ದೇನೆ. ದ್ರಾಕ್ಷಿ ನಾಯಿಗಳ ಮೂತ್ರಪಿಂಡವನ್ನು ಕೆಡಿಸಬಲ್ಲದು.

ಕೆಂಚಿಗೆ ನಿಜವಾದ ಗುರುವಾಗಿ ಒದಗಿದ್ದು ಒಂದು ಬೀದಿನಾಯಿ. ನಮ್ಮ ಮೂರನೇ ಕ್ರಾಸಿನ ಹಿಟ್ಟಿನ ಗಿರಣಿಯ ಮುಂದೆ ಮುದಿ ಗಂಡುನಾಯಿಯೊಂದು ಮಲಗಿರುತ್ತದೆ. ಸಂತಾನಹರಣ ಚಿಕಿತ್ಸೆಯ ಗುರುತಾಗಿ ಅದರ ಕಿವಿಯ ತುದಿ ಕತ್ತರಿಸಿದೆ. ಗಿರಣಿಯಿಂದ ಹಾರಿದ ರಾಗಿಹಿಟ್ಟು ಬೆನ್ನಿನ ಮೇಲೆ ಕೂತು, ಕಪ್ಪು ಬಣ್ಣವೆಲ್ಲ ಬೂದಿಯಾಗಿ ಕಾಣುತ್ತದೆ. ಯಾರು ಬರಲಿ ಹೋಗಲಿ, ಅದು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತದೆ. ಬೇಕಾದದ್ದು ಇಂಥದೇ ನಾಯಿ: ಓಡಿಬರದ, ದಿಟ್ಟಿಸದ, ನಾಳೆಯೂ ಅಲ್ಲಿಯೇ ಸಿಗುವ ನಾಯಿ. ದಿನವೂ ಬೆಳಿಗ್ಗೆ ಆರಕ್ಕೆ, ಗಿರಣಿ ತೆರೆಯುವ ಮೊದಲು, ಎದುರು ಸಾಲಿನ ಖಾಲಿ ಸೈಟಿನ ಅಂಚಿನಲ್ಲಿ ನಾವು ನಿಲ್ಲುತ್ತಿದ್ದೆವು. ಕೆಂಚಿ ಆ ನಾಯಿಯನ್ನು ನೋಡುವಳು, ಪನೀರ್ ತಿನ್ನುವಳು, ಹುಲ್ಲು ಮೂಸುವಳು. ಐದು ನಿಮಿಷವಾದ ಕೂಡಲೇ ಮನೆಗೆ ಹೊರಡುತ್ತಿದ್ದೆವು. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಅವಳು ಆ ನಾಯಿಯನ್ನು ನೋಡಿದವಳೇ ತಾನಾಗಿ ಕತ್ತು ತಿರುಗಿಸಿ ನನ್ನ ಮುಖ ನೋಡಿದಳು. ಬಾಲ ಕಾಲಸಂದಿಯಿಂದ ಹೊರಬಂದು ತುದಿ ಮಾತ್ರ ಎರಡು ಸಲ ಆಡಿತು. ನಾನು ಕರೆದಿರಲಿಲ್ಲ, ತಿಂಡಿಯ ಕೈ ಎತ್ತಿರಲಿಲ್ಲ. ನಾಯಿ ಕಂಡಿತು, ಇನ್ನು ಒಳ್ಳೆಯದೇನೋ ಬರುತ್ತದೆ ಎಂದು ಅವಳ ಮನಸ್ಸು ಲೆಕ್ಕ ಹಾಕಿದ ಮೊದಲ ಕ್ಷಣ ಅದು. ಖಾಲಿ ಸೈಟಿನಲ್ಲಿ ನಿಂತು ನಾನು ಕಣ್ಣೊರೆಸಿಕೊಂಡೆ.

ಅಲ್ಲಿಂದ ಮುಂದೆಯೂ ಅವಸರ ಮಾಡುವಂತಿರಲಿಲ್ಲ. ಒಂದು ಕಂಬದ ದೂರ ಅರ್ಧ ಕಂಬವಾಗಲು ಎರಡು ತಿಂಗಳು ಹಿಡಿಯಿತು. ನಡುವೆ ದೀಪಾವಳಿಯ ಪಟಾಕಿಯ ದಿನಗಳಲ್ಲಿ ಮತ್ತೆ ಒಂದೂವರೆ ಕಂಬಕ್ಕೆ ಹೋದೆವು. ಆರು ತಿಂಗಳಾದ ಮೇಲೆ ಹರೆಯಕ್ಕೆ ಬರುವ ಮರಿಗಳಲ್ಲಿ ಹಳೆಯ ಭಯ ಮತ್ತೆ ಮರುಕಳಿಸುವುದು ಸಾಮಾನ್ಯವೆಂದು ವೈದ್ಯೆ ಮೊದಲೇ ಹೇಳಿದ್ದರಿಂದ ಧೈರ್ಯಗೆಡಲಿಲ್ಲ.

ಈ ಅವಧಿಯಲ್ಲಿ ನಾನು ಮರಿಯ ಮೈಯನ್ನು ಓದಲು ಕಲಿತೆ. ನಾರ್ವೆಯ ತರಬೇತುದಾರ್ತಿ ತೂರಿದ್ ರೂಗೋಸ್ ನಾಯಿಗಳು ಪರಸ್ಪರ ಕೊಟ್ಟುಕೊಳ್ಳುವ ಸಮಾಧಾನದ ಸಂಜ್ಞೆಗಳನ್ನು ಗುರುತಿಸಿ ಹೆಸರಾದವರು. ತಿನ್ನಲು ಏನೂ ಇಲ್ಲದಿದ್ದರೂ ನಾಲಿಗೆಯಿಂದ ಮೂಗು ಸವರಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ಪಕ್ಕಕ್ಕೆ ತಿರುಗಿಸುವುದು, ಇದ್ದಕ್ಕಿದ್ದಂತೆ ನೆಲ ಮೂಸತೊಡಗುವುದು ಇವೆಲ್ಲ “ನನಗೆ ಇರಿಸುಮುರಿಸಾಗುತ್ತಿದೆ, ನಿನ್ನೊಡನೆ ಜಗಳ ನನಗೆ ಬೇಡ” ಎನ್ನುವ ಮಾತುಗಳು. ಬೊಗಳುವುದಕ್ಕೆ ಬಹಳ ಮೊದಲೇ ಮರಿ ಇದನ್ನೆಲ್ಲ ಹೇಳಿಯಾಗಿರುತ್ತದೆ. ಕೆಂಚಿ ಎರಡು ಸಲ ಮೂಗು ಸವರಿಕೊಂಡರೆ ನಾನು ಈಗ “ಬಾ ತಿರುಗು” ಎಂದು ಹೇಳಿ ಬಂದ ದಾರಿಗೆ ಹಿಂದಿರುಗುತ್ತೇನೆ. ಮನೆಯ ಹಜಾರದಲ್ಲಿ ಆಟವಾಗಿ ಕಲಿಸಿದ ಮಾತು ಅದು. ಹಿಂದಿರುಗಲು ದಾರಿಯಿಲ್ಲದಿದ್ದರೆ ನಿಂತಿರುವ ಕಾರಿನ ಹಿಂದೆ ಸರಿಯುತ್ತೇವೆ. ಇನ್ನೊಂದು ನಾಯಿ ಮರೆಯಾದರೆ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ. ಎದುರುಬದುರಾಗಿ ಬರುವುದು ನಾಯಿಗಳ ರೀತಿಯಲ್ಲಿ ಒರಟುತನ; ಬಿಡುವಿದ್ದರೆ ಅವು ಬಿಲ್ಲಿನಂತೆ ಬಾಗಿ ಸುತ್ತಿಕೊಂಡು ಹೋಗುತ್ತವೆ. ನಮ್ಮ ಕಿರಿದಾದ ಫುಟ್‌ಪಾತ್‌ಗಳಲ್ಲಿ ಹಗ್ಗಕ್ಕೆ ಬಿಗಿದು ಮುಖಾಮುಖಿ ನಡೆಸಿ, ಆಮೇಲೆ ಅವು ಕಿತ್ತಾಡಿದವೆಂದು ಬೈಯುವುದು ನಾವೇ.

ಹಗ್ಗದ ವಿಷಯವಾಗಿ ಒಂದು ಮಾತು. ಕುತ್ತಿಗೆ ಬಿಗಿಯುವ ಚೋಕ್ ಚೈನನ್ನು ಹೆದರಿದ ಮರಿಗೆ ಹಾಕಲೇಬಾರದು. ಇನ್ನೊಂದು ನಾಯಿ ಕಂಡಾಗಲೆಲ್ಲ ಕುತ್ತಿಗೆಗೆ ನೋವಾದರೆ, ಆ ನೋವನ್ನು ಮರಿ ಆ ನಾಯಿಯ ಲೆಕ್ಕಕ್ಕೇ ಬರೆಯುತ್ತದೆ. ಎದೆಗೆ ಹಾಕುವ ಹಾರ್ನೆಸ್, ಆರಡಿಯ ಮೆತ್ತನೆಯ ಹಗ್ಗ ಸಾಕು. ಹಗ್ಗ ಸಡಿಲವಾಗಿ ಜೋತಿರಬೇಕು. ಹಾಗೆಯೇ ಗುರುಗುಟ್ಟಿದ್ದಕ್ಕೆ ಹೊಡೆಯಬಾರದು. ಗುರುಗುಟ್ಟುವುದು ಎಚ್ಚರಿಕೆ. ಅದನ್ನು ಹೊಡೆದು ಅಡಗಿಸಿದರೆ ಮುಂದೊಂದು ದಿನ ಎಚ್ಚರಿಕೆಯಿಲ್ಲದೆ ಹಲ್ಲು ಊರುವ ನಾಯಿಯನ್ನು ನಾವೇ ತಯಾರು ಮಾಡಿದಂತೆ. ಮುದ್ದು ಮಾಡಿದರೆ ಭಯ ಹೆಚ್ಚುತ್ತದೆಂಬ ಮಾತಿಗೂ ಆಧಾರವಿಲ್ಲ. ನಮ್ಮ ಕಾಲಿಗೆ ಒತ್ತಿಕೊಂಡ ಮರಿಯ ಬೆನ್ನು ಸವರುವುದರಿಂದ ಯಾವ ಕೆಡುಕೂ ಆಗುವುದಿಲ್ಲ.

ನಾಯಿ ಎಂದ ಮೇಲೆ ಧೈರ್ಯವಿರಬೇಕು ಎಂಬ ನಿರೀಕ್ಷೆ ನಮ್ಮಲ್ಲಿ ಬಹಳ ಹಳೆಯದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ ನಾಡು ನಮ್ಮದು. ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಕಲ್ಲಿನ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಚರಂಡಿಯಲ್ಲಿ ಸಿಕ್ಕ, ತಾಯಿ ಒಡಹುಟ್ಟುಗಳ ಜೊತೆ ಆಡಬೇಕಾದ ದಿನಗಳನ್ನು ಕಳೆದುಕೊಂಡ ಮರಿಯಿಂದ ಕಾಳಿಯ ಎದೆಗಾರಿಕೆಯನ್ನು ಕೇಳುವುದು ನ್ಯಾಯವಲ್ಲ. ಅಮೆರಿಕದ ಬಾರ್ ಹಾರ್ಬರಿನ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ವಿವರಗಳ ಪ್ರಕಾರ, ಮರಿಗಳು ಲೋಕವನ್ನು ನಿರ್ಭಯವಾಗಿ ಪರಿಚಯ ಮಾಡಿಕೊಳ್ಳುವ ಅವಧಿ ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮಾತ್ರ. ಕೆಂಚಿ ನಮ್ಮ ಮನೆಗೆ ಬರುವ ಹೊತ್ತಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು.

ಎಳೆಯ ಮರಿ ತಂದವರು ಇದನ್ನು ಗಮನಿಸಬೇಕು. ಮರಿಗಳ ಜೀವ ತೆಗೆಯಬಲ್ಲ ಪಾರ್ವೊ, ಡಿಸ್ಟೆಂಪರ್ ಎಂಬ ಅಂಟುರೋಗಗಳ ಲಸಿಕೆಗಳು ಪೂರ್ತಿಯಾಗಲು ನಾಲ್ಕು ತಿಂಗಳು ಹಿಡಿಯುತ್ತದೆ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಅಲ್ಲಿಯವರೆಗೆ ಮರಿಯನ್ನು ಬೀದಿಯಲ್ಲಿ ನಡೆಸಬಾರದೆಂಬುದು ನಿಜ. ಹಾಗೆಂದು ನಾಲ್ಕು ಗೋಡೆಯ ಮಧ್ಯೆ ಕೂಡಿಹಾಕಿದರೆ ಆ ಅಮೂಲ್ಯ ವಾರಗಳೂ ಕಳೆದುಹೋಗುತ್ತವೆ. ಸೆರಗಿನಲ್ಲೋ ಚೀಲದಲ್ಲೋ ಎತ್ತಿಕೊಂಡು ಹೋಗಿ ಹಾಲಿನ ಬೂತು, ಸೊಪ್ಪಿನ ಗಾಡಿ, ದೂರದ ನಾಯಿಗಳು ಎಲ್ಲವನ್ನೂ ತೋರಿಸಬಹುದು. ಲಸಿಕೆ ಹಾಕಿಸಿದ ಶಾಂತ ಸ್ವಭಾವದ ನಾಯಿಯಿರುವ ಮನೆಗೆ ಕರೆದೊಯ್ಯಬಹುದು. ಮೊದಲ ಲಸಿಕೆಯಾಗಿ ಒಂದು ವಾರ ಕಳೆದ, ಜಂತುಹುಳುವಿನ ಔಷಧಿ ಕೊಟ್ಟ ಮರಿಗಳನ್ನು ಏಳೆಂಟು ವಾರಕ್ಕೇ ಶುಚಿಯಾದ ಜಾಗದಲ್ಲಿ ನಡೆಯುವ ತರಗತಿಗಳಿಗೆ ಸೇರಿಸಬಹುದೆಂದು ಅಮೆರಿಕದ ಪಶು ವರ್ತನಾ ವೈದ್ಯರ ಸಂಘವೂ ಹೇಳುತ್ತದೆ.

ಇನ್ನು ನನ್ನ ವಿನಂತಿ. ನಾನು ಎಷ್ಟು ಕಂಬ ಲೆಕ್ಕ ಹಾಕಿದರೂ, ಬೆಲ್ಟಿಲ್ಲದ ಒಂದು ನಾಯಿ ಓಡಿಬಂದರೆ ಎರಡು ತಿಂಗಳ ಶ್ರಮ ಎರಡು ನಿಮಿಷದಲ್ಲಿ ಮಣ್ಣುಪಾಲಾಗುತ್ತದೆ. ಆದ್ದರಿಂದ ನಿಮ್ಮ ನಾಯಿ ಎಷ್ಟೇ ಸಾಧುವಾಗಿರಲಿ, ರಸ್ತೆಯಲ್ಲಿ ಅದರ ಹಗ್ಗ ನಿಮ್ಮ ಕೈಯಲ್ಲಿರಲಿ. “ಏನೂ ಮಾಡಲ್ಲ” ಎನ್ನುವ ಮಾತು ನಿಮ್ಮ ನಾಯಿಯ ಬಗ್ಗೆ ಸತ್ಯವಿರಬಹುದು. ಎದುರಿನ ಮರಿ ಏನನ್ನು ಅನುಭವಿಸುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಹತ್ತಿರ ಬರುವ ಮೊದಲು “ಬರಬಹುದಾ?” ಎಂದು ಒಂದು ಮಾತು ಕೇಳಿ, ಬೇಡವೆಂದರೆ ಬೇಸರ ಮಾಡಿಕೊಳ್ಳಬೇಡಿ. ಬೊಗಳುವ ಮರಿಗೆ ಕಲ್ಲು ಎತ್ತುವ ಮಕ್ಕಳಿಗೆ ದೊಡ್ಡವರು ತಿಳಿಹೇಳಬೇಕು.

ಬೀದಿನಾಯಿಗಳಿಗೆ ಅನ್ನ ಹಾಕುವ ಕರುಣಾಳುಗಳಲ್ಲಿಯೂ ಒಂದು ಕೋರಿಕೆ. ಗೇಟಿನ ಬುಡದಲ್ಲಿ, ಓಡಾಡುವ ದಾರಿಯ ಮಧ್ಯದಲ್ಲಿ ಅನ್ನ ಹಾಕಿದರೆ ಆ ಜಾಗವನ್ನು ನಾಯಿಗಳು ತಮ್ಮದೆಂದು ಕಾಯತೊಡಗುತ್ತವೆ. ಅಲ್ಲಿ ಹಾದುಹೋಗುವ ಸಾಕುಮರಿಗೆ ಏಟು ತಪ್ಪದು. ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳು, 2023 ಇದನ್ನೇ ಹೇಳುತ್ತವೆ: ಪ್ರವೇಶದ್ವಾರ, ಮೆಟ್ಟಿಲು, ಮಕ್ಕಳು ಆಡುವ ಜಾಗ ಇವುಗಳಿಂದ ದೂರದಲ್ಲಿ, ನಿವಾಸಿಗಳ ಸಂಘವೂ ಅನ್ನ ಹಾಕುವವರೂ ಮಾತಾಡಿಕೊಂಡು ಸ್ಥಳ ಗೊತ್ತುಮಾಡಬೇಕು. ನಮ್ಮ ಬಡಾವಣೆಯಲ್ಲಿ ಖಾಲಿ ಸೈಟಿನ ಹಿಂದಿನ ಮೂಲೆಗೆ ಅದನ್ನು ಬದಲಾಯಿಸಿದ ಮೇಲೆ, ಎರಡನೇ ಕ್ರಾಸಿನಲ್ಲಿ ಬೆಳಗಿನ ಗದ್ದಲ ಕಣ್ಣಿಗೆ ಕಾಣುವಷ್ಟು ಇಳಿದಿದೆ.

ಸ್ವೀಡನ್, ಕೆನಡಾ ದೇಶಗಳಲ್ಲಿ 2012ರ ಸುಮಾರಿಗೆ ಒಂದು ರೂಢಿ ಶುರುವಾಯಿತು: ಹತ್ತಿರ ಬರುವುದನ್ನು ಸಹಿಸದ ನಾಯಿಯ ಹಗ್ಗಕ್ಕೆ ಹಳದಿ ಪಟ್ಟಿ ಕಟ್ಟುವುದು. ನಾನೂ ಕೆಂಚಿಯ ಹಗ್ಗಕ್ಕೆ ಹಳದಿ ರಿಬ್ಬನ್ ಕಟ್ಟಿದ್ದೇನೆ. ಮೊದಲ ವಾರ ಹೂ ಮಾರುವ ಅಕ್ಕ, “ಏನಮ್ಮಾ, ಹರಕೆ ದಾರವಾ?” ಎಂದು ಕೇಳಿದರು. ವಿವರಿಸಿದೆ. ಈಗ ಅವರೇ ಎದುರಿನಿಂದ ನಾಯಿ ಹಿಡಿದು ಬರುವವರಿಗೆ, “ಆ ಕಡೆಯಿಂದ ಹೋಗಿ ಸ್ವಾಮಿ, ಹಳದಿ ದಾರದ ಮರಿ ಬರ್ತಾ ಇದೆ” ಎಂದು ಹೇಳುತ್ತಾರೆ. ನಗರಪಾಲಿಕೆಯೂ ಪಶು ಆಸ್ಪತ್ರೆಗಳೂ ಈ ಗುರುತಿನ ಅರ್ಥ ತಿಳಿಸುವ ಸಣ್ಣ ಫಲಕವೊಂದನ್ನು ಪಾರ್ಕಿನ ಗೇಟುಗಳಲ್ಲಿ, ಆಸ್ಪತ್ರೆಯ ಹೊರಾಂಗಣದಲ್ಲಿ ಹಾಕಿದರೆ ಹೆಚ್ಚು ಖರ್ಚಿಲ್ಲದೆ ದೊಡ್ಡ ಉಪಕಾರವಾಗುತ್ತದೆ. ಪಶು ಆಸ್ಪತ್ರೆಗಳಲ್ಲಿ ಹೆದರುವ ಮರಿಗಳನ್ನು ಹೊರಗೆ ಆಟೋದಲ್ಲೋ ಮರದಡಿಯಲ್ಲೋ ಕಾಯಿಸಿ, ಸರದಿ ಬಂದಾಗ ಕರೆಯುವ ವ್ಯವಸ್ಥೆಯನ್ನೂ ದಯವಿಟ್ಟು ಯೋಚಿಸಬೇಕು. ಇಕ್ಕಟ್ಟಾದ ಬೆಂಚಿನ ಸಾಲಿನಲ್ಲಿ ಹತ್ತು ನಾಯಿಗಳ ನಡುವೆ ಅರ್ಧ ಗಂಟೆ ಕಾದ ಮರಿಯ ಭಯ ಔಷಧಿಯಿಂದ ಇಳಿಯುವಂಥದಲ್ಲ.

ಕೆಂಚಿಗೆ ಈಗ ಒಂದೂಕಾಲು ವರ್ಷ. ಎಲ್ಲ ನಾಯಿಗಳ ಜೊತೆ ಆಡುವವಳಾಗಿಲ್ಲ; ಆಗಬೇಕೆಂದು ನಾನು ಬಯಸುವುದನ್ನೂ ಬಿಟ್ಟಿದ್ದೇನೆ. ಹಗ್ಗದಲ್ಲಿರುವ ಶಾಂತವಾದ ನಾಯಿ ರಸ್ತೆಯ ಆ ಬದಿಯಲ್ಲಿ ಹೋದರೆ ಈ ಬದಿಯಲ್ಲಿ ಬಾಲ ಸಡಿಲ ಬಿಟ್ಟು ನಡೆಯುತ್ತಾಳೆ. ಕಳೆದ ಭಾನುವಾರ ಗಿರಣಿಯ ಮುದಿನಾಯಿಯ ಹತ್ತಿರ, ಹತ್ತಡಿಯಲ್ಲಿ, ಬಿಲ್ಲಿನಂತೆ ಬಳಸಿಕೊಂಡು ಹೋಗಿ, ಅದು ಎದ್ದುಹೋದ ಮೇಲೆ ಅದು ಮಲಗಿದ್ದ ಬೆಚ್ಚನೆಯ ಜಾಗವನ್ನು ತುಂಬ ಹೊತ್ತು ಮೂಸಿದಳು. ಮೂಗಿನ ತುದಿಗೆ ರಾಗಿಹಿಟ್ಟು ಅಂಟಿತ್ತು.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು